ಮೊಲದ ಬಾಯಿ ತೆರೆದು ನೋಡಿದವರುಂಟೆ?

ನಮ್ಮ ಕಡೆ ಎತ್ತು ಕೊಳ್ಳಲು ಹೋದವನು ಮೊದಲು ನೋಡುವುದು ಅದರ ಬಾಯಿ. ಬಣ್ಣ, ಸುಳಿ, ಕೊಂಬು, ಗೊರಸು ಎಲ್ಲ ಆಮೇಲೆ. ತುಟಿ ಸರಿಸಿ ಕೆಳದವಡೆಯ ಹಲ್ಲು ಎಣಿಸಿ, ಇದಿನ್ನೂ ಹಾಲುಹಲ್ಲು, ಇದು ಎರಡು ಹಲ್ಲು, ಇದು ನಾಲ್ಕು ಹಲ್ಲು, ಇದು ಬಾಯಿಗೂಡಿದ್ದು ಎಂದು ವಯಸ್ಸು ಹೇಳುವ ವಿದ್ಯೆ ಓದುಬರಹ ಬಾರದ ಅಜ್ಜಂದಿರಿಗೂ ಇತ್ತು. ದಾನವಾಗಿ ಬಂದ ಎತ್ತಿನ ಹಲ್ಲು ಎಣಿಸಬಾರದು ಎಂಬ ಮಾತು ಹುಟ್ಟಬೇಕಾದರೆ, ದುಡ್ಡು ಕೊಟ್ಟು ತಂದ ಎತ್ತಿನ ಹಲ್ಲನ್ನು ಎಣಿಸಿಯೇ ತೀರುವ ರೂಢಿ ಅದಕ್ಕೂ ಮೊದಲೇ ಇರಬೇಕು. ಅಂಥ ಅಜ್ಜನ ಮೊಮ್ಮಗ ಇವತ್ತು ಮಗಳ ಹುಟ್ಟುಹಬ್ಬಕ್ಕೆಂದು ಸಂತೆಯಿಂದಲೋ ಪೇಟೆಯ ಅಂಗಡಿಯಿಂದಲೋ ಒಂದು ಮೊಲ ತರುತ್ತಾನೆ. ಕಿವಿ ಎಷ್ಟುದ್ದ, ಕಣ್ಣು ಕೆಂಪಗಿದೆಯೇ, ಮೈ ಹತ್ತಿಯಂತಿದೆಯೇ ಎಂದೆಲ್ಲ ನೋಡುತ್ತಾನೆ. ಬಾಯಿ ಮಾತ್ರ ನೋಡುವುದಿಲ್ಲ. ಮೊಲದ ಪ್ರಾಣ ಇರುವುದೇ ಅಲ್ಲಿ ಎಂದು ಅವನಿಗೆ ಯಾರೂ ಹೇಳಿಲ್ಲ. ಮಾರಿದವನು ಹೇಳುವ ಗೋಜಿಗೆ ಹೋಗುವುದಿಲ್ಲ.

ನಾನು ಪಶುವೈದ್ಯನಲ್ಲ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ವರ್ಗಾವಣೆಯ ಪುಣ್ಯದಿಂದ ದಾವಣಗೆರೆ ಜಿಲ್ಲೆಯ ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ನಾಲ್ಕೂ ಕಡೆ ನೀರು ಕುಡಿದಿದ್ದೇನೆ. ಪ್ರತಿ ವರ್ಷ ಸಸ್ತನಿಗಳ ಪಾಠ ಬಂದಾಗ, ‘ಯಾರ ಮನೇಲಿ ಮೊಲ, ಗಿನಿಪಿಗ್ಗು, ಹ್ಯಾಮ್‌ಸ್ಟರ್ರು ಇದೆ, ಕೈ ಎತ್ತಿ’ ಎನ್ನುವುದು ನನ್ನ ಅಭ್ಯಾಸ. ಮೊದಲೆಲ್ಲ ಒಂದೋ ಎರಡೋ ಕೈ ಏಳುತ್ತಿದ್ದವು. ಈಚೆಗೆ ಆರೇಳು ಏಳುತ್ತವೆ. ಮರುವರ್ಷ ಅದೇ ಮಕ್ಕಳು ಮುಂದಿನ ತರಗತಿಗೆ ಬಂದಾಗ, ‘ನಿಮ್ಮ ಮೊಲ ಹೇಗಿದೆ?’ ಎಂದು ಕೇಳಿದರೆ ಬರುವ ಉತ್ತರ ನಾಲ್ಕು ತಾಲೂಕಿನಲ್ಲೂ ಒಂದೇ. ‘ಸತ್ತೋತು ಸಾರ್.’ ‘ಏನಾಗಿತ್ತು?’ ‘ಏನಿಲ್ಲ ಸಾರ್, ಮೇವು ಬಿಡ್ತು.’

ಈ ‘ಮೇವು ಬಿಡ್ತು’ ಎಂಬ ಎರಡು ಪದಗಳ ಮೇಲೆಯೇ ನನ್ನ ಜಗಳ. ಹಸು ಮೇವು ಬಿಟ್ಟರೆ ನಾವು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಹೊಟ್ಟೆ ಉಬ್ಬರವೋ, ಜ್ವರವೋ, ಕಾಲುಬಾಯಿ ಜ್ವರವೋ, ಕೆಚ್ಚಲು ಬಾವೋ ಎಂದು ಹುಡುಕುತ್ತೇವೆ. ಮೇವು ಬಿಟ್ಟದ್ದು ಲಕ್ಷಣ, ಕಾಯಿಲೆ ಬೇರೆ ಇದೆ ಎಂದು ದನ ಸಾಕಿದ ಎಲ್ಲರಿಗೂ ಗೊತ್ತು. ಮೊಲದ ವಿಷಯಕ್ಕೆ ಬಂದಾಗ ಮಾತ್ರ ಲಕ್ಷಣವೇ ಸಾವಿನ ಕಾರಣವಾಗಿ, ವಿಚಾರಣೆ ಮುಗಿದು, ಹಿತ್ತಲಲ್ಲಿ ಗುಂಡಿ ತೋಡುತ್ತೇವೆ. ಚೆನ್ನಾಗಿ ಸಾಕಿದರೆ ಎಂಟು ಹತ್ತು ವರ್ಷ ಬಾಳುವ ಪ್ರಾಣಿ ನಮ್ಮಲ್ಲಿ ಒಂದೂವರೆ ಎರಡು ವರ್ಷಕ್ಕೆ ‘ಮೇವು ಬಿಟ್ಟು’ ಸಾಯುತ್ತದೆ ಎಂದರೆ ಅದು ಸಹಜ ಸಾವಲ್ಲ. ನನ್ನ ವಾದ ಇಷ್ಟು: ಹೀಗೆ ಸಾಯುವ ಮೊಲಗಳಲ್ಲಿ ಬಹಳಷ್ಟರ ಬಾಯಲ್ಲಿ ಕಾಯಿಲೆ ಇರುತ್ತದೆ. ಆ ಕಾಯಿಲೆ ಹೆಚ್ಚಾಗಿ ನಾವೇ ತಿನ್ನಿಸಿ ತರಿಸಿದ್ದು. ಅದನ್ನು ತಡೆಯುವ ಮದ್ದು ನಮ್ಮ ಬದುಗಳ ಮೇಲೆ ಪುಕ್ಕಟೆ ಬೆಳೆಯುತ್ತದೆ.

ಮೊದಲು ಹಲ್ಲಿನ ಲೆಕ್ಕ. ಮೊಲಕ್ಕೆ 28 ಹಲ್ಲು. ಮೇಲೆ ಮುಂದುಗಡೆ ಎರಡು ಬಾಚಿಹಲ್ಲು, ಅವುಗಳ ಬೆನ್ನಿಗೆ ಅಂಟಿಕೊಂಡಂತೆ ಎರಡು ಪುಟ್ಟ ಹಲ್ಲು, ಕೆಳಗೆ ಎರಡು. ಉಳಿದ 22 ಹಲ್ಲು ಹಿಂದೆ, ಕೆನ್ನೆಯೊಳಗೆ ಅಡಗಿರುತ್ತವೆ. ನಮ್ಮ ಹಲ್ಲು ಒಮ್ಮೆ ಬೆಳೆದು ನಿಲ್ಲುತ್ತದೆ, ಬೇರು ಮುಚ್ಚಿಕೊಳ್ಳುತ್ತದೆ. ಮೊಲದ ಹಲ್ಲಿನ ಬುಡ ಮುಚ್ಚುವುದೇ ಇಲ್ಲ. 28 ಹಲ್ಲುಗಳೂ ನಮ್ಮ ಉಗುರಿನ ಹಾಗೆ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಎರಡು ಮಿಲಿಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತು ಹನ್ನೆರಡು ಸೆಂಟಿಮೀಟರು, ಅಂದರೆ ಗೇಣಿನ ಅರ್ಧಕ್ಕಿಂತ ಹೆಚ್ಚು. ಗಿನಿಪಿಗ್ಗಿನ 20 ಹಲ್ಲುಗಳ ಕತೆಯೂ ಇದೇ. ಇಲಿ, ಹ್ಯಾಮ್‌ಸ್ಟರುಗಳಲ್ಲಿ ಬಾಚಿಹಲ್ಲು ಮಾತ್ರ ಹೀಗೆ ಬೆಳೆಯುತ್ತದೆ. ನಿಮ್ಮ ಮನೆಯ ಇಲಿ ಬಾಗಿಲು ಕಡಿಯುವುದು ನಿಮ್ಮ ಮೇಲಿನ ಹಗೆಗಲ್ಲ, ಹಲ್ಲು ಸವೆಸಲಿಕ್ಕೂ ಹೌದು.

ಬೆಳೆಯುವ ಹಲ್ಲು ಸವೆಯಬೇಕು. ಎಷ್ಟು ಬೆಳೆಯುತ್ತದೋ ಅಷ್ಟೂ ಸವೆಯಬೇಕು. ಪ್ರಕೃತಿ ಇದಕ್ಕೆ ಮಾಡಿಟ್ಟ ವ್ಯವಸ್ಥೆ ಹುಲ್ಲು. ಹುಲ್ಲಿನ ಎಲೆಯಲ್ಲಿ ಮರಳಿನ ಜಾತಿಯ ಸಿಲಿಕಾ ಇದೆ. ಗರಿಕೆಯ ಅಂಚನ್ನು ಬೆರಳಲ್ಲಿ ಹಿಮ್ಮುಖವಾಗಿ ಸವರಿ ನೋಡಿ, ಗರಗರ ಎನ್ನುತ್ತದೆ. ಮೊಲ ಹುಲ್ಲು ತಿನ್ನುವಾಗ ದವಡೆಯನ್ನು ಅಕ್ಕಪಕ್ಕಕ್ಕೆ ತಿರುವುತ್ತದೆ, ನಮ್ಮ ಅಜ್ಜಿಯರು ಬೀಸುಕಲ್ಲು ತಿರುವುತ್ತಿದ್ದ ಹಾಗೆ. ಗಂಟೆಗಟ್ಟಲೆ ಬೀಸುತ್ತಲೇ ಇರುತ್ತದೆ. ಬೀಸುವ ಧಾನ್ಯವೂ ಬೀಸುಕಲ್ಲೂ ಎರಡೂ ಸವೆಯುತ್ತವೆ. ಬಿಸ್ಕತ್ತು, ಅನ್ನ, ಕಾಳು, ಪೆಲೆಟ್ಟು ತಿನ್ನುವಾಗ ದವಡೆ ಹಾಗೆ ತಿರುಗುವುದಿಲ್ಲ, ಮೇಲೆ ಕೆಳಗೆ ಕುಟ್ಟುತ್ತದೆ. ನಾಲ್ಕು ಏಟಿಗೆ ಪುಡಿಯಾಗುತ್ತದೆ, ಹೊಟ್ಟೆ ತುಂಬುತ್ತದೆ, ಹಲ್ಲು ಹಾಗೇ ಉಳಿಯುತ್ತದೆ. ಉಳಿದದ್ದು ನಾಳೆ ಇನ್ನಷ್ಟು ಬೆಳೆಯುತ್ತದೆ.

ಹೀಗೆ ಬೆಳೆದ ಬಾಚಿಹಲ್ಲು ಹೊರಗೆ ಕೊಂಬಿನಂತೆ ಸುರುಳಿ ಸುತ್ತಿದಾಗ ನಮ್ಮ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಒಳಗೆ ಆಗಬೇಕಾದದ್ದೆಲ್ಲ ಆಗಿರುತ್ತದೆ. ದವಡೆಹಲ್ಲುಗಳು ಒಂದು ಪಕ್ಕಕ್ಕೆ ಮಾತ್ರ ಸವೆದು ಅಂಚಿನಲ್ಲಿ ಸೂಜಿಯಂತೆ ಚೂಪಾಗುತ್ತವೆ. ಕೆಳಗಿನವು ನಾಲಿಗೆಯನ್ನು, ಮೇಲಿನವು ಕೆನ್ನೆಯನ್ನು ಕುಯ್ಯುತ್ತವೆ. ಗಿನಿಪಿಗ್ಗಿನಲ್ಲಿ ಎರಡೂ ಬದಿಯ ಕೆಳಹಲ್ಲುಗಳು ನಾಲಿಗೆಯ ಮೇಲೆ ಸೇತುವೆ ಕಟ್ಟಿದ ಹಾಗೆ ಬಾಗಿ ನಾಲಿಗೆಯನ್ನೇ ಸೆರೆ ಹಿಡಿಯುತ್ತವೆ. ಮೇಲಕ್ಕೆ ಜಾಗವಿಲ್ಲದ ಹಲ್ಲು ಬುಡದ ಕಡೆಗೂ ಒತ್ತುತ್ತದೆ. ಮೇಲುದವಡೆಯ ಬೇರು ಕಣ್ಣೀರಿನ ನಾಳವನ್ನು ಒತ್ತಿ ಕಣ್ಣಲ್ಲಿ ನೀರು ಸುರಿಯುತ್ತದೆ. ಕೆಳದವಡೆಯ ಬೇರಿನಲ್ಲಿ ಕೀವು ಕಟ್ಟಿ ಗಂಟಾಗುತ್ತದೆ. ಮೊಲದ ಕೀವು ನಮ್ಮದರಂತೆ ಹರಿಯುವುದಿಲ್ಲ, ಬೆಣ್ಣೆಯಂತೆ ಗಟ್ಟಿ. ಚುಚ್ಚಿ ಹಿಂಡಿದರೆ ಹೋಗುವುದಿಲ್ಲ.

ಇಷ್ಟೆಲ್ಲ ಆಗುವಾಗ ಮೊಲ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ. ನಾಯಿಯಾದರೆ ಕುಂಯ್‌ಗುಡುತ್ತದೆ, ಹಸು ಅಂಬಾ ಎನ್ನುತ್ತದೆ. ಮೊಲ ಬೇಟೆಗೆ ಸಿಕ್ಕುವ ಪ್ರಾಣಿ. ನೋವು ತೋರಿಸಿದ ಮೊಲವನ್ನೇ ನರಿ ಮೊದಲು ಹಿಡಿಯುತ್ತದೆ ಎಂಬ ಪಾಠ ಅದರ ರಕ್ತದಲ್ಲಿದೆ. ಸುಮ್ಮನೆ ಮೂಲೆಯಲ್ಲಿ ಮುದುಡಿ ಕೂರುತ್ತದೆ. ‘ನಮ್ಮ ಮೊಲ ಭಾರಿ ಸಾಧು ಸಾರ್’ ಎನ್ನುತ್ತಾರೆ ಮಕ್ಕಳು. ಕೆಲವು ಸಲ ಅದು ಸಾಧುತನವಲ್ಲ, ಬಾಯಿಹುಣ್ಣು.

ಇನ್ನು ನಾವು ತಿನ್ನಿಸುವುದನ್ನು ನೋಡೋಣ. ನಾನು ಕಂಡ ಜಗಳೂರಿನ ಮನೆಗಳಲ್ಲಿ ಮೊಲಕ್ಕೆ ಮೆಕ್ಕೆಜೋಳ, ಶೇಂಗಾ. ಹೊನ್ನಾಳಿ, ನ್ಯಾಮತಿಗಳಲ್ಲಿ ಅನ್ನ, ಮಂಡಕ್ಕಿ. ಅಡಿಕೆಯಿಂದ ಕೈ ಬಿಸಿಯಾಗಿರುವ ಚನ್ನಗಿರಿಯ ಮನೆಗಳಲ್ಲಿ ಬಿಸ್ಕತ್ತು, ಬ್ರೆಡ್ಡು, ಅಂಗಡಿಯ ಬಣ್ಣಬಣ್ಣದ ಕಾಳಿನ ಪ್ಯಾಕೆಟ್ಟು. ಎಲ್ಲ ಕಡೆಯೂ ಕ್ಯಾರೆಟ್ಟು. ಈ ಕ್ಯಾರೆಟ್ಟಿನ ಮೂಢನಂಬಿಕೆ ನಮ್ಮ ಹಿರಿಯರದ್ದಲ್ಲ, ಟೀವಿಯ ಕಾರ್ಟೂನಿನದು. ಕ್ಯಾರೆಟ್ಟು ಸಿಹಿಗಡ್ಡೆ. ನೆಲದಲ್ಲಿ ಹುಲ್ಲು ಮೇಯುವ ಮೊಲ ಗಡ್ಡೆ ಅಗೆದು ತಿನ್ನುವ ಪ್ರಾಣಿಯಲ್ಲ. ವಾರಕ್ಕೊಂದು ಚೂರು ಕೊಟ್ಟರೆ ಮಿಠಾಯಿ, ದಿನಾ ಕೊಟ್ಟರೆ ಕೇಡು.

ಇದು ಮೇಷ್ಟ್ರ ಊಹೆ ಎನ್ನುವವರಿಗಾಗಿ ಎರಡು ಸಂಗತಿ. ಎಡಿನ್‌ಬರೋದ ಪಶುವೈದ್ಯ ಸಂಶೋಧಕರು 32 ಮೊಲಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಬರೀ ಒಣಹುಲ್ಲು, ಒಂದಕ್ಕೆ ಹುಲ್ಲಿನ ಜೊತೆ ಪೆಲೆಟ್ಟು, ಒಂದಕ್ಕೆ ಹುಲ್ಲಿನ ಜೊತೆ ಕಾಳುಮಿಶ್ರಣ, ಒಂದಕ್ಕೆ ಬರೀ ಕಾಳುಮಿಶ್ರಣ ಕೊಟ್ಟು 17 ತಿಂಗಳು ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ: ಕಾಳುಮಿಶ್ರಣ ತಿಂದ ಗುಂಪುಗಳಲ್ಲಿ ದವಡೆಹಲ್ಲು ಉದ್ದವಾಗಿ ಬಾಗಿದವು. ಇನ್ನೊಂದು, ಬ್ರಿಟನ್ನಿನ ಪಶು ಕ್ಲಿನಿಕ್ಕುಗಳ 2019ರ ದಾಖಲೆಗಳಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮೊಲಗಳ ಲೆಕ್ಕ ತೆಗೆದಾಗ ನೂರಕ್ಕೆ ಸುಮಾರು 15 ಮೊಲಗಳಿಗೆ ಹಲ್ಲಿನ ಕಾಯಿಲೆ ಇತ್ತು. ಒಣಹುಲ್ಲು ಅಂಗಡಿಯಲ್ಲಿ ಸಿಗುವ, ಮೊಲ ನೋಡುವ ವೈದ್ಯರು ಇರುವ ದೇಶದ ಲೆಕ್ಕ ಇದು. ಮಂಡಕ್ಕಿ ತಿನ್ನಿಸುವ ನಮ್ಮಲ್ಲಿ ಬಾಯಿ ತೆರೆದು ನೋಡುವವರಿದ್ದರೆ ಎಷ್ಟು ಸಿಕ್ಕೀತು?

ಎಲ್ಲ ತಪ್ಪೂ ಮೇವಿನದಲ್ಲ ಎಂದು ಒಪ್ಪುತ್ತೇನೆ. ಹುಟ್ಟುವಾಗಲೇ ದವಡೆ ಓರೆಯಿರುವ ಮೊಲಗಳೂ ಇವೆ. ಒಂದೇ ಗೂಡಿನ ಅಣ್ಣತಂಗಿಯರನ್ನು ಕೂಡಿಸಿ ಮರಿ ಮಾಡಿ ಮಾರುವ ಕಡೆ, ಮುದ್ದಾಗಿ ಕಾಣಲೆಂದು ಮೋಟುಮುಖದ ಕುಳ್ಳ ಜಾತಿ ಹುಟ್ಟಿಸುವ ಕಡೆ ಇದು ಸಾಮಾನ್ಯ. ಬಿಸಿಲು ಕಾಣದ ಪಂಜರದಲ್ಲಿ ವಿಟಮಿನ್ ಡಿ ಸಿಗದೆ, ಸುಣ್ಣದಂಶ ಸಾಲದೆ ದವಡೆಯ ಮೂಳೆ ಮೆತ್ತಗಾಗಿ ಹಲ್ಲು ವಾಲುತ್ತದೆ ಎಂದು ಇಂಗ್ಲೆಂಡಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್ ಬಹಳ ಹಿಂದೆಯೇ ವಾದಿಸಿದ್ದಾರೆ. ತಳಿ, ಬಿಸಿಲು, ಹುಲ್ಲು ಎಂದು ಕಾರಣ ಮೂರಿರಬಹುದು. ಮೂರೂ ಮನುಷ್ಯನ ಕೈಯಲ್ಲೇ ಇವೆ.

ನಾನಿದ್ದ ಊರೊಂದರಲ್ಲಿ, ಯಾವ ಊರೆಂಬುದು ಬೇಡ, ಎಂಟನೇ ತರಗತಿಯ ಹುಡುಗಿಯೊಬ್ಬಳು ರಟ್ಟಿನ ಡಬ್ಬಿಯಲ್ಲಿ ಮೊಲ ತಂದಳು. ವಿಜ್ಞಾನದ ಮೇಷ್ಟ್ರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಗದ್ದವೆಲ್ಲ ಜೊಲ್ಲಿನಿಂದ ಒದ್ದೆ, ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಕೆಳಗಿನ ಬಾಚಿಹಲ್ಲು ಒಂದು ಉದ್ದ, ಇನ್ನೊಂದು ಉದ್ದಕ್ಕೆ ಸೀಳಿಹೋಗಿತ್ತು. ಮಾರಿದವನನ್ನು ಕೇಳಿದಾಗ ‘ಉಗುರು ಕತ್ತರಿಸೋದ್ರಲ್ಲಿ ಹಲ್ಲು ಕತ್ತರಿಸ್ರಿ’ ಎಂದನಂತೆ. ಅಪ್ಪ ಹಾಗೇ ಮಾಡಿದ್ದರು. ನಾವು ಪಶು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯರು. ‘ಮೇಷ್ಟ್ರೇ, ಹಸು ಆಗಿದ್ರೆ ಹೇಳಿ, ರಾತ್ರಿ ಎರಡು ಗಂಟೆಗೂ ಬರ್ತೀನಿ. ಇದರ ಬಾಯೊಳಗೆ ನೋಡೋ ಸಾಮಾನೇ ನನ್ನ ಹತ್ರ ಇಲ್ಲ’ ಎಂದರು. ಸೀಳಿದ ಹಲ್ಲಿನ ಬುಡದಲ್ಲಿ ಕೀವು ಕಟ್ಟಿ ಮೂರನೇ ವಾರ ಮೊಲ ಸತ್ತಿತು. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ‘ಅದಕ್ಕೆ ನೋಯ್ತಿತ್ತಾ ಸಾರ್? ಒಂದು ದಿನಾನೂ ಕೂಗ್ಲಿಲ್ವಲ್ಲ.’ ನೋಯುತ್ತಿತ್ತು ಎಂದೆ. ಮಕ್ಕಳಿಗೆ ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಉಗುರುಕತ್ತರಿಯ ಈ ಸಲಹೆ ಇವತ್ತಿಗೂ ಬಾಯಿಂದ ಬಾಯಿಗೆ, ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿದೆ. ದಯವಿಟ್ಟು ಯಾರೂ ಮಾಡಬೇಡಿ. ಮೊಲದ ಹಲ್ಲು ಕತ್ತರಿಯ ಒತ್ತಡಕ್ಕೆ ಅಡ್ಡಕ್ಕೆ ತುಂಡಾಗುವುದರ ಜೊತೆಗೆ ಉದ್ದಕ್ಕೆ ಸೀಳುತ್ತದೆ. ಸೀಳು ಒಳಗಿನ ಜೀವಂತ ತಿರುಳಿಗೆ ಮುಟ್ಟಿದರೆ ಅಲ್ಲಿಂದ ಕೀವಿಗೆ ದಾರಿ. ಸರಿಯಾದ ಕ್ರಮವೆಂದರೆ ಮಂಪರು ಅಥವಾ ಅರವಳಿಕೆ ಕೊಟ್ಟು, ದಂತವೈದ್ಯರ ಬಳಿ ಇರುವಂಥ ವೇಗವಾಗಿ ತಿರುಗುವ ಬರ್ ಯಂತ್ರದಿಂದ ಉಜ್ಜುವುದು. ಮತ್ತೆ ಮತ್ತೆ ಬೆಳೆಯುವ ಓರೆ ಬಾಚಿಹಲ್ಲನ್ನು ಕಿತ್ತೇ ಹಾಕುವುದೂ ಉಂಟು. ಬಾಚಿಹಲ್ಲಿಲ್ಲದ ಮೊಲ, ಸೊಪ್ಪು ಹೆಚ್ಚಿಕೊಟ್ಟರೆ, ವರ್ಷಗಟ್ಟಲೆ ಸುಖವಾಗಿ ಬದುಕುತ್ತದೆ. ದವಡೆಹಲ್ಲು ನೋಡಬೇಕಾದರೆ ತಲೆಯ ಎಕ್ಸ್‌ರೇ ಬೇಕು, ಬಾಯಿ ಅಗಲಿಸುವ ಪುಟ್ಟ ಉಪಕರಣ ಬೇಕು. ಇನ್ನೊಂದು ಎಚ್ಚರ: ಮನೆಯಲ್ಲಿ ಮಕ್ಕಳಿಗೆಂದು ತಂದ ಅಮಾಕ್ಸಿಸಿಲಿನ್ ಸಿರಪ್ಪನ್ನು ಮೊಲಕ್ಕೋ ಗಿನಿಪಿಗ್ಗಿಗೋ ಕುಡಿಸಬೇಡಿ. ಬಾಯಿಂದ ಕೊಟ್ಟ ಆ ಔಷಧಿ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣಿಯನ್ನೇ ತೆಗೆಯುತ್ತದೆ.

ಈಗ ವ್ಯವಸ್ಥೆಯ ಮಾತು. ದಾವಣಗೆರೆ ಎಂದರೆ ಬೆಣ್ಣೆದೋಸೆ ಎಂದು ಹೊರಗಿನವರು ಹೇಳುತ್ತಾರೆ. ಹಲ್ಲಿನ ಕಾಲೇಜು ಎಂದೂ ಹೇಳಬಹುದು. 1979ರಿಂದ ಬಾಪೂಜಿ ದಂತ ವೈದ್ಯಕೀಯ ಕಾಲೇಜು, 1991ರಿಂದ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಒಂದೇ ಊರಲ್ಲಿ ಎರಡು. ದೇಶದ ಮೂಲೆಮೂಲೆಯಿಂದ ಮಕ್ಕಳು ಹಲ್ಲು ಓದಲು ಬರುವ ಜಿಲ್ಲೆ ನಮ್ಮದು. ಬೇಕಾದ ಬರ್ ಯಂತ್ರ, ಪುಟ್ಟ ಎಕ್ಸ್‌ರೇ, ಕೈಚಳಕ ಎಲ್ಲ ಆ ಊರಲ್ಲಿವೆ. ಆದರೆ ಮನುಷ್ಯರ ದಂತವೈದ್ಯರು ಪ್ರಾಣಿಗೆ ಚಿಕಿತ್ಸೆ ಮಾಡುವಂತಿಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯ್ದೆ ಆ ಹಕ್ಕನ್ನು ನೋಂದಾಯಿತ ಪಶುವೈದ್ಯರಿಗೆ ಕೊಟ್ಟಿದೆ. ಅದು ಸರಿಯೇ. ಪಶುವೈದ್ಯರ ಉಸ್ತುವಾರಿಯಲ್ಲಿ ದಂತವೈದ್ಯರು ಕೈಜೋಡಿಸುವ ಪದ್ಧತಿ ಹೊರದೇಶದ ಮೃಗಾಲಯಗಳಲ್ಲಿದೆ. ನಮ್ಮಲ್ಲಿ ಈ ಇಬ್ಬರು ವೈದ್ಯರು ಒಂದೇ ಬೀದಿಯಲ್ಲಿದ್ದರೂ ಒಂದೇ ಮೇಜಿನ ಸುತ್ತ ಕೂರುವುದಿಲ್ಲ.

ತಾಲೂಕಿನ ಪಶುವೈದ್ಯರನ್ನು ಬೈಯಲು ನನಗೆ ಮನಸ್ಸಿಲ್ಲ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, 2022ರಲ್ಲಿ ಬಂದು ದನಗಳ ಮೈಯೆಲ್ಲ ಗಂಟೆಬ್ಬಿಸಿದ ಚರ್ಮಗಂಟು ರೋಗ, ಇಷ್ಟರ ನಡುವೆ ಅವರು ಓಡಾಡುತ್ತಾರೆ. 1962ಕ್ಕೆ ಫೋನು ಮಾಡಿದರೆ ಮನೆಬಾಗಿಲಿಗೆ ಬರುವ ಪಶು ಸಂಜೀವಿನಿ ವಾಹನ ದನಕರುಗಳಿಗಾಗಿ ಬಂದದ್ದು, ಒಳ್ಳೆಯದಾಯಿತು. ನನ್ನ ತಕರಾರು ಆಲೋಚನೆಯ ಮೇಲೆ. ಪಶುವೈದ್ಯರ ಭಾಷೆಯಲ್ಲಿ ನಾಯಿ, ಬೆಕ್ಕು, ದನಕರು, ಕುರಿಕೋಳಿ ಬಿಟ್ಟು ಮನೆಯಲ್ಲಿ ಸಾಕಿದ ಮಿಕ್ಕ ಪುಟ್ಟ ಜೀವಿಗಳಿಗೆಲ್ಲ ಒಟ್ಟಾಗಿ ‘ಎಕ್ಸಾಟಿಕ್’ ಎಂದು ಹೆಸರು. ಏಳನೇ ತರಗತಿ ಹುಡುಗನ ಮಂಚದ ಕೆಳಗೆ ಇರುವ ಪ್ರಾಣಿ ಯಾವ ಲೆಕ್ಕದಲ್ಲಿ ವಿಚಿತ್ರ? ದೇಶದ ಜಾನುವಾರು ಗಣತಿಯಲ್ಲಿ ಮೊಲಕ್ಕೂ ಒಂದು ಕಲಂ ಇದೆ. ಎಣಿಕೆಗೆ ಬರುವ ಪ್ರಾಣಿ ಚಿಕಿತ್ಸೆಗೆ ಮಾತ್ರ ಬಾರದು. ಹೀಗೆ ಒಂದು ಹೆಸರು ಕೊಟ್ಟು ದೂರ ಇಟ್ಟುಬಿಟ್ಟರೆ ಕಲಿಯುವ ಗೋಜೂ ಇಲ್ಲ, ಕಲಿಸುವ ಗೋಜೂ ಇಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಲೆಕ್ಕಾಚಾರದ್ದು: ‘ಐನೂರು ರೂಪಾಯಿ ಮೊಲಕ್ಕೆ ಐದು ಸಾವಿರದ ಚಿಕಿತ್ಸೆಯೇ? ಸತ್ತರೆ ಇನ್ನೊಂದು ತಂದರಾಯಿತು.’ ಹೀಗೆ ಹೇಳುವವರ ಮನೆಯಲ್ಲಿ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಕೊಂಡ ಬೆಲೆಯೇ ನೋವಿನ ಬೆಲೆ ಎಂದು ಅವರು ಕಲಿಯುತ್ತಾರೆ. ಮೊಲಕ್ಕೆ ಅಂಟಿಸಿದ ಈ ಲೆಕ್ಕವನ್ನು ನಾಳೆ ದುಡಿಯಲಾಗದ ಎತ್ತಿಗೆ, ನಾಡಿದ್ದು ಹಾಸಿಗೆ ಹಿಡಿದ ಅಜ್ಜನಿಗೆ ಅವರು ಅನ್ವಯಿಸಿದರೆ ಆಶ್ಚರ್ಯ ಪಡಬೇಕಿಲ್ಲ. ಐದು ಸಾವಿರ ಎಲ್ಲರ ಕೈಯಲ್ಲೂ ಇರುವುದಿಲ್ಲ, ನಿಜ. ಅದಕ್ಕೇ ಕಾಯಿಲೆ ಬರದ ಹಾಗೆ ನೋಡಿಕೊಳ್ಳಿ ಎನ್ನುವುದು. ತಡೆಯಲು ಹಣ ಬೇಡ, ಹುಲ್ಲು ಸಾಕು.

ಎರಡನೆಯದು ನ್ಯಾಯದ ಆಕ್ಷೇಪ, ನಾನು ಗೌರವಿಸುವಂಥದ್ದು. ಜಗಳೂರಿನ ಗೆಳೆಯರೊಬ್ಬರು ಹೇಳಿದರು: ‘ಮಳೆ ಇಲ್ದೆ ದನಕ್ಕೆ ಮೇವಿಲ್ಲದ ಊರಲ್ಲಿ ನೀವು ಮೊಲದ ಹಲ್ಲಿನ ಪುರಾಣ ಹೇಳ್ತೀರಲ್ಲ ಮೇಷ್ಟ್ರೇ.’ ಹೇಳುತ್ತೇನೆ. ದನದ ಮೇವಿನ ಕೊರತೆ ಬರದಿಂದ ಬಂದದ್ದು. ಅದು ನಮ್ಮ ಕೈ ಮೀರಿದ ಕಷ್ಟ, ಆ ಕಷ್ಟದಲ್ಲೂ ರೈತ ತಾನು ಉಪವಾಸವಿದ್ದು ಎತ್ತಿಗೆ ಹಾಕುತ್ತಾನೆ. ಮೊಲವನ್ನು ಯಾರೂ ಕಷ್ಟಕ್ಕೆ ಸಾಕುವುದಿಲ್ಲ, ಶೋಕಿಗೆ ಸಾಕುತ್ತಾರೆ. ಅನಿವಾರ್ಯಕ್ಕೆ ಸಾಕಿದ ಪ್ರಾಣಿಯ ಬಗ್ಗೆ ನಮಗಿರುವ ಜವಾಬ್ದಾರಿಗಿಂತ ಸಂತೋಷಕ್ಕೆ ತಂದ ಪ್ರಾಣಿಯ ಜವಾಬ್ದಾರಿ ಹೆಚ್ಚು ಹೊರತು ಕಡಿಮೆಯಲ್ಲ. ಅದು ತಾನಾಗಿ ನಮ್ಮ ಮನೆಗೆ ಬರಲಿಲ್ಲ. ಒಂದು ಹಿಡಿ ಹುಲ್ಲೂ ಹುಟ್ಟದ ಕಡೆ ಮೊಲ ತರಬೇಡಿ ಎನ್ನುವುದು ನನ್ನ ವಾದದ ಭಾಗವೇ. ಹಾಗೆಂದು ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತರುವ ಯೋಚನೆಯೂ ಬೇಡ. ಅದು ಬೇರೆಯೇ ಪ್ರಾಣಿ, ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿದೆ, ಪಂಜರದಲ್ಲಿ ಹೆದರಿಯೇ ಸಾಯುತ್ತದೆ.

ಮಾರುವವರಿಗೂ ಕಾನೂನಿದೆ. 2018ರ ಸಾಕುಪ್ರಾಣಿ ಅಂಗಡಿಗಳ ನಿಯಮಗಳಲ್ಲಿ ನಾಯಿ ಬೆಕ್ಕಿನ ಜೊತೆ ಮೊಲ, ಗಿನಿಪಿಗ್, ಹ್ಯಾಮ್‌ಸ್ಟರುಗಳ ಹೆಸರೂ ಸ್ಪಷ್ಟವಾಗಿದೆ. ವಾರದ ಸಂತೆಯಲ್ಲಿ ಮಾರುವ ಜಾಗವೂ ಆ ನಿಯಮದ ಕಣ್ಣಿಗೆ ಅಂಗಡಿಯೇ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಮಾರುವಂತಿಲ್ಲ. ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಮೊಲದ ಮರಿ ಮಾರುವವನನ್ನು ನೋಂದಣಿ ಪತ್ರ ಕೇಳಿ ನೋಡಿ, ನಿಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾನೆ. ಅವನೂ ಬಡವ, ಹೊಟ್ಟೆಪಾಡು. ಆದರೆ ಅವನಿಗೆ ಮರಿ ಕೊಡುವ ಮೇಲಿನ ವ್ಯಾಪಾರಿ ಬಡವನಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಪ್ರಾಣಿಯನ್ನು ಇಟ್ಟುಕೊಂಡವರು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಮೊದಲ ತಪ್ಪಿಗೆ ಆ ಕಾಯ್ದೆ ಇಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಇವತ್ತು ಒಂದು ಮಸಾಲೆದೋಸೆಗೂ ಸಾಲದು.

ಹಾಗಾದರೆ ಮಾಡಬೇಕಾದ್ದೇನು? ಕೊಳ್ಳುವ ಮುಂಚೆ ಎತ್ತಿನ ಶಾಸ್ತ್ರ ಅನ್ವಯಿಸಿ. ಮೇಲ್ದುಟಿ ಮೆಲ್ಲಗೆ ಸರಿಸಿ ನೋಡಿ. ಮೇಲಿನ ಬಾಚಿಹಲ್ಲು ಮುಂದೆ, ಕೆಳಗಿನದು ಅದರ ಹಿಂದೆ ಒರಗಿ ಕೂತಿರಬೇಕು. ತುದಿಗೆ ತುದಿ ತಾಗಿದ್ದರೆ, ಕೆಳಗಿನದು ಮುಂದೆ ಚಾಚಿದ್ದರೆ ಕೊಳ್ಳಬೇಡಿ. ಗದ್ದ ಒಣಗಿರಬೇಕು, ಕಣ್ಣು ಸೋರಬಾರದು, ದವಡೆಯ ಕೆಳಗೆ ಬೆರಳಾಡಿಸಿದರೆ ಗಂಟು ಸಿಗಬಾರದು.

ತಂದ ಮೇಲೆ ಹುಲ್ಲು ಹಾಕಿ. ಮೊಲದ ಮೈಯಷ್ಟು ದೊಡ್ಡ ಗುಡ್ಡೆ, ಪ್ರತಿ ದಿನ, ಹಗಲೂ ರಾತ್ರಿ ಬಾಯಿಗೆ ಸಿಗುವಂತೆ. ಊಟದಲ್ಲಿ ಹತ್ತಕ್ಕೆ ಎಂಟು ಪಾಲು ಹುಲ್ಲೇ ಇರಬೇಕು, ಮಿಕ್ಕಿದ್ದು ಸೊಪ್ಪು, ಕಾಳು ಪೆಲೆಟ್ಟು ಚಿಟಿಕೆ. ಕಡಲಾಚೆಯಿಂದ ಪ್ಯಾಕೆಟ್ಟಿನಲ್ಲಿ ಬರುವ ಟಿಮೊಥಿ ಹುಲ್ಲೇ ಆಗಬೇಕೆಂದಿಲ್ಲ. ಗಣಪತಿಗೆ 21 ಎಳೆ ಲೆಕ್ಕ ಹಾಕಿ ಏರಿಸುವ ಗರಿಕೆ ಭದ್ರಾ ನಾಲೆಯ ಏರಿಯ ಮೇಲೆ, ತುಂಗಭದ್ರೆಯ ದಡದಲ್ಲಿ, ಶಾಲೆಯ ಮೈದಾನದಲ್ಲಿ ಬೇಕಾದಷ್ಟಿದೆ. ಮಳೆಗಾಲದಲ್ಲಿ ಕೊಯ್ದು ನೆರಳಲ್ಲಿ ಒಣಗಿಸಿಟ್ಟರೆ ಬೇಸಿಗೆಗೂ ಆದೀತು. ಬಣವೆಯ ಭತ್ತದ ಹುಲ್ಲೊಂದರಲ್ಲೇ ಸತ್ವ ಸಾಲದು, ಆದರೂ ಮೆಲ್ಲಲು ಜೊತೆಗಿರಲಿ. ಒಂದು ಎಚ್ಚರ: ಕಳೆನಾಶಕ ಹೊಡೆದ ಅಡಿಕೆ ತೋಟದ ಹುಲ್ಲು, ಔಷಧಿ ಬಿದ್ದ ಗದ್ದೆ ಬದುವಿನ ಹುಲ್ಲು ಬೇಡ. ಗಿನಿಪಿಗ್ಗಿಗೆ ಹುಲ್ಲಿನ ಜೊತೆ ದಿನವೂ ವಿಟಮಿನ್ ಸಿ ಬೇಕು, ನಮ್ಮ ಹಾಗೆ ಅದಕ್ಕೂ ತಾನೇ ತಯಾರಿಸಿಕೊಳ್ಳಲು ಬಾರದು. ಒಂದು ಚೂರು ದೊಣ್ಣೆಮೆಣಸಿನಕಾಯಿ ಅಥವಾ ಪೇರಲ ಸಾಕು.

ವಾರಕ್ಕೊಮ್ಮೆ ತೂಕ ಮಾಡಿ. ಕಿರಾಣಿ ಅಂಗಡಿಯ ತಕ್ಕಡಿಯಾದರೂ ಆದೀತು. ತೂಕ ಇಳಿಯುವುದು, ಹಿಕ್ಕೆ ಸಣ್ಣದಾಗುವುದು, ಹುಲ್ಲು ಬಿಟ್ಟು ಮೆತ್ತನೆಯದನ್ನೇ ಆರಿಸುವುದು, ಬಾಯಿಗಿಟ್ಟದ್ದು ಉದುರುವುದು, ಗದ್ದ ಒದ್ದೆಯಾಗುವುದು ಇವು ಮೊದಲ ಸೂಚನೆಗಳು. ಹನ್ನೆರಡು ಗಂಟೆ ಏನೂ ತಿನ್ನದೆ ಹಿಕ್ಕೆಯೂ ಹಾಕದಿದ್ದರೆ ಕರುಳು ನಿಲ್ಲುತ್ತಿದೆ ಎಂದರ್ಥ. ನಾಳೆ ನೋಡೋಣ ಎನ್ನುವ ಮಾತಿಲ್ಲ.

ಸರ್ಕಾರಕ್ಕೆ ನನ್ನ ಬೇಡಿಕೆಯೂ ದೊಡ್ಡದಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವಲ್ಲ. ಜಗಳೂರಿನವರು ದಾವಣಗೆರೆಗೆ ಬರಬಲ್ಲರು. ತಿಂಗಳಿಗೆ ಒಂದು ದಿನ ಈ ಎರಡು ಕಡೆ ಸಣ್ಣ ಪ್ರಾಣಿಗಳ ಹಲ್ಲಿನ ತಪಾಸಣೆ ಇಡಲಿ. ತಾಲೂಕಿಗೊಬ್ಬ ವೈದ್ಯರಿಗೆ ಒಂದು ವಾರದ ತರಬೇತಿ, ಒಂದು ಪುಟ್ಟ ಪೆಟ್ಟಿಗೆ ಸಾಮಾನು ಕೊಡಲಿ. ಅಷ್ಟೂ ಆಗದಿದ್ದರೆ ಮಾರುವ ಪ್ರತಿ ಮೊಲದ ಜೊತೆ ಕನ್ನಡದಲ್ಲಿ ಒಂದು ಚೀಟಿ ಕೊಡುವುದನ್ನಾದರೂ ಕಡ್ಡಾಯ ಮಾಡಲಿ: ಇದರ ಹಲ್ಲು ದಿನವೂ ಬೆಳೆಯುತ್ತದೆ, ಇದಕ್ಕೆ ಹುಲ್ಲೇ ಊಟ, ಕತ್ತರಿ ತಾಗಿಸಬೇಡಿ.

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಎಂದು ನಮ್ಮ ಪಾಡನ್ನು ನಾವು ಹಾಡಿಕೊಳ್ಳುತ್ತೇವೆ. ನಾವು ಸಾಕಿದ ಮೊಲಕ್ಕೆ ಹಲ್ಲೂ ಇದೆ, ಊರ ತುಂಬ ಹುಲ್ಲೂ ಇದೆ. ನಡುವೆ ಬಿಸ್ಕತ್ತು ಹಿಡಿದು ನಿಂತವರು ನಾವು. ಮುಂದಿನ ಸಲ ನಿಮ್ಮ ಮಗುವೋ ಪಕ್ಕದ ಮನೆಯ ಮಗುವೋ ‘ಮೊಲ ಮೇವು ಬಿಡ್ತು’ ಎಂದರೆ ಅಯ್ಯೋ ಪಾಪ ಎಂದು ಸುಮ್ಮನಾಗಬೇಡಿ. ಯಾವ ಮೇವು ಹಾಕಿದ್ದಿರಿ ಎಂದು ಕೇಳಿ.